ಕೆಂಪು ಗಾಡಿ, ನೀಲಿ ಗಾಡಿ

ನಾನು ಕಾರಿನಿಂದ ಇಳಿಯುವುದನ್ನು ನೀವು ನೋಡಿಲ್ಲವಾದರೆ ಒಂದು ಬೆಳಿಗ್ಗೆ ಡೊಂಬಿವಲಿಯ ತರಕಾರಿ ಮಾರ್ಕೆಟ್ಟಿನ ಮೂಲೆಗೆ ಬಂದು ನಿಲ್ಲಿ. ಮೊದಲು ಬಾಗಿಲು ತೆರೆಯುತ್ತದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಂದು ಚಪ್ಪಲಿ, ಅದರ ಹಿಂದೆ ಸೀರೆಯ ನೆರಿಗೆ, ಅದರ ಹಿಂದೆ ಕೈಚೀಲ. ಕೊನೆಗೆ ನಾನು, ಹೊಟ್ಟೆ ತುಂಬ ಹೋಳಿಗೆ ಉಂಡು ಮಣೆಯಿಂದ ಏಳುವವರ ಹಾಗೆ, ಎರಡು ಕಂತಿನಲ್ಲಿ ಎದ್ದು ನಿಲ್ಲುತ್ತೇನೆ. ಕೊತ್ತಂಬರಿ ಮಾರುವ ಹೆಂಗಸು ಪ್ರತಿ ಸಲವೂ "ಸಾವಕಾಶ್ ಕಾಕೂ", ನಿಧಾನ ಚಿಕ್ಕಮ್ಮ, ಎನ್ನುತ್ತಾಳೆ. ಅವಳ ದನಿಯಲ್ಲಿ ಕಾಳಜಿ ಇರುತ್ತದೆ, ಮುಖದಲ್ಲಿ ನಗು.

ನಗಬೇಕಾದದ್ದೇ. ನಿವೃತ್ತಿಯ ಹೊಸ್ತಿಲಲ್ಲಿರುವ ಹೆಂಗಸು, ಖಾರಘರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗುವವಳು, ನೆಲದಿಂದ ಗೇಣು ಎತ್ತರದ ಸ್ಪೋರ್ಟ್ಸ್ ಕಾರಿನಲ್ಲಿ ದಿನಾ ಕೆಲಸಕ್ಕೆ ಹೋಗುತ್ತಾಳೆ. ಅದೂ ಸೆಕೆಂಡ್ ಹ್ಯಾಂಡ್. ಹೊಸದಾಗಿದ್ದರೆ ದುಡ್ಡಿನ ಸೊಕ್ಕು ಎಂದು ಜನ ಸುಮ್ಮನಾಗುತ್ತಿದ್ದರು. ಹಳೆಯದಾದ್ದರಿಂದ ಇದರ ಹಿಂದೆ ಏನೋ ವಿಚಾರವಿರಬೇಕು ಎಂದು ನಿಂತು ನೋಡುತ್ತಾರೆ.

ವಾಹನಗಳ ಬಗ್ಗೆ ನನ್ನ ತಿಳಿವಳಿಕೆ ಮೊದಲಿನಿಂದಲೂ ತಪ್ಪಾದದ್ದೇ. ನಮ್ಮಪ್ಪ ವಿಜಯಪುರದ ಕಡೆಯಿಂದ ಬಂದು ಕಲ್ಯಾಣದಲ್ಲಿ ಕಾಳುಕಡಿ ಅಂಗಡಿ ಇಟ್ಟವನು. ಅವನ ಸ್ಕೂಟರಿನ ಮೇಲೆ ನಾವು ಮನೆಮಂದಿಯೆಲ್ಲ ಹೋಗುತ್ತಿದ್ದೆವು. ಹಿಂದೆ ಅವ್ವ, ಅವಳ ಮಡಿಲಲ್ಲಿ ತಮ್ಮ, ಮುಂದೆ ಅಪ್ಪನ ತೋಳುಗಳ ನಡುವೆ ನಿಂತವಳು ನಾನು. ಹ್ಯಾಂಡಲ್ಲಿನ ನಡುಭಾಗ ನನ್ನ ಕೈಯಲ್ಲಿರುತ್ತಿತ್ತಾದ್ದರಿಂದ ಗಾಡಿ ನಡೆಸುವವಳು ನಾನೇ ಎಂದು ಬಹಳ ದಿನ ನಂಬಿದ್ದೆ. ಅಪ್ಪ ಯಾಕೆ ಹಿಂದೆ ಕೂತಿದ್ದಾನೆ ಎಂಬುದಷ್ಟೇ ತಿಳಿಯುತ್ತಿರಲಿಲ್ಲ. ಉಲ್ಹಾಸನಗರದ ತಿರುವಿನಲ್ಲಿ ಒಂದು ಸಲ ಸ್ಕೂಟರು ಜಾರಿ ಎಲ್ಲರೂ ಬಿದ್ದಾಗ, "ನಾನು ಸರಿಯಾಗಿ ತಿರುಗಿಸಲಿಲ್ಲ" ಎಂದು ಅತ್ತವಳು ನಾನು. ಅಪ್ಪ ಧೂಳು ಕೊಡವಿಕೊಳ್ಳುತ್ತ, "ಇರ್ಲಿ ಬಿಡವಾ, ಮುಂದಿನ ಸರ್ತಿ ನೋಡಿ ಹೊಡಿ" ಎಂದು ಸಮಾಧಾನ ಹೇಳಿದ.

ನಿಜವಾಗಿ ಗಾಡಿ ಕಲಿಸಿದವರು ನನ್ನ ಗಂಡ ಶಿವಾನಂದ. ಅವರೂ ವಿಜಯಪುರದವರೇ, ಡೊಂಬಿವಲಿಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಿದ್ದವರು. ಅವರಿಗೆ ಕಾರಿನ ಹುಚ್ಚು. ನಮ್ಮದು ಮಾತ್ರ ಯಾವಾಗಲೂ ಬೂದಿ ಬಣ್ಣದ ಒಂದು ಸಣ್ಣ ಕಾರು. ಮನೆ ಸಾಲ, ಮಗಳ ಓದು, ಊರಿನ ಮದುವೆ ಮುಂಜಿ ಎಂದು ಎಲ್ಲರ ಹಾಗೆ ನಮ್ಮ ದಿನಗಳೂ ಹೋದವು. ಅವರ ಹುಚ್ಚು ಕಿವಿಯಲ್ಲಿ ಉಳಿಯಿತು. ರಸ್ತೆಯಲ್ಲಿ ಹೋಗುವ ಗಾಡಿಯನ್ನು ತಿರುಗಿ ನೋಡದೆ, ಸಪ್ಪಳದ ಮೇಲೆ, ಎಂಥ ಎಂಜಿನ್ನು ಎಂದು ಹೇಳುತ್ತಿದ್ದರು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವುದನ್ನು ಕೇಳಿ ಸಾಸಿವೆ ಹಳೆಯದೋ ಹೊಸದೋ ಎಂದು ನಮ್ಮವ್ವ ಹೇಳುತ್ತಿದ್ದಳಲ್ಲ, ಹಾಗೆ.

ಹೋದ ವರ್ಷ ಅವರಿಗೆ ಸಣ್ಣದೊಂದು ಪಾರ್ಶ್ವವಾಯು ಆಯಿತು. ಕೈಕಾಲು, ಮಾತು ಎಲ್ಲವೂ ಉಳಿದವು. ಹೋದದ್ದು ಬಲಗಡೆಯ ನೋಟ. ಎರಡೂ ಕಣ್ಣುಗಳಿಗೆ ಲೋಕದ ಬಲ ಅರ್ಧ ಅಳಿಸಿಹೋಯಿತು. ಮೊದಲ ದಿನಗಳಲ್ಲಿ ಅವರು ತಟ್ಟೆಯ ಎಡಗಡೆಯ ರೊಟ್ಟಿಯನ್ನಷ್ಟೇ ತಿಂದು ಏಳುತ್ತಿದ್ದರು. ಬಲಗಡೆಯ ಪಲ್ಯ, ಶೇಂಗಾ ಚಟ್ನಿ ಹಾಗೇ ಇರುತ್ತಿದ್ದವು. ರುಚಿ ಕೆಟ್ಟಿದೆಯೇನೋ ಎಂದುಕೊಂಡೆ. ಆಮೇಲೆ ತಿಳಿದು ತಟ್ಟೆಯನ್ನು ತಿರುಗಿಸಿ ಇಡತೊಡಗಿದೆ. ಗಾಡಿ ಓಡಿಸುವುದು ಇನ್ನು ಆಗದು ಎಂದರು ಡಾಕ್ಟರು. ವಾರದಲ್ಲಿ ಕೆಲವು ದಿನ ಖಾರಘರದ ಒಂದು ಕಣ್ಣಿನ ಚಿಕಿತ್ಸಾ ಕೇಂದ್ರಕ್ಕೆ ಹೋಗಿ, ಇಲ್ಲದ ಬಲಗಡೆಗೆ ಕತ್ತು ತಿರುಗಿಸಿ ನೋಡುವ ಅಭ್ಯಾಸ ಮಾಡಬೇಕಾಗಿತ್ತು. ನಾನು ಕಾಲೇಜಿಗೆ ಹೋಗುವಾಗ ಅವರನ್ನು ಬಿಟ್ಟು ಹೋಗುತ್ತಿದ್ದೆ.

ಇದರಲ್ಲೊಂದು ಸಂಕಟವಿತ್ತು. ಕಾರಿನಲ್ಲಿ ಅವರದು ಎಡಗಡೆಯ ಸೀಟು, ನನ್ನದು ಬಲಗಡೆ. ಅಂದರೆ ನಾನು ಸ್ಟೀರಿಂಗ್ ಹಿಡಿದು ಕುಳಿತ ಕೂಡಲೇ ಅವರ ಪಾಲಿಗೆ ಇಲ್ಲವಾಗುತ್ತಿದ್ದೆ. ನನ್ನನ್ನು ನೋಡಬೇಕಾದರೆ ಅವರು ಪೂರ್ತಿ ಕತ್ತು ತಿರುಗಿಸಬೇಕು. ಮೊದಮೊದಲು ತಿರುಗಿಸುತ್ತಿದ್ದರು. ಆಮೇಲೆ ಬಿಟ್ಟರು. ಕಿಟಕಿಯ ಕಡೆ ಮುಖ ಮಾಡಿ ಶೀಳ್ ರಸ್ತೆಯ ಗೋದಾಮುಗಳನ್ನು ನೋಡುತ್ತ ಕೂತಿರುತ್ತಿದ್ದರು. ಮನೆಯಲ್ಲಿ ಬಾಲ್ಕನಿಯ ಕುರ್ಚಿ. ಮಾತು ಕೇಳಿದರೆ ಉತ್ತರ. ಕೇಳದಿದ್ದರೆ ಅದೂ ಇಲ್ಲ.

ಅದೇ ಹೊತ್ತಿಗೆ ಬೂದಿ ಕಾರಿನ ಆಯುಷ್ಯ ಮುಗಿಯಿತು. ಅದನ್ನು ಎಳೆದುಕೊಂಡು ಹೋದ ಸಂಜೆ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಕೆಳಗಿನ ರಸ್ತೆಯಲ್ಲಿ ಏನೋ ಒಂದು ಗಾಡಿ ಗುರುಗುಟ್ಟುತ್ತ ಹೋಯಿತು.

"ಆರು ಸಿಲಿಂಡರ್," ಎಂದರು ನಮ್ಮವರು, ಯಾರೂ ಕೇಳದೆ.

ನಾನು ಕಪ್ಪು ಕೆಳಗಿಟ್ಟೆ. "ನಾವೂ ಅಂಥಾದ್ದ ಒಂದ ತಗೊಳ್ಳೂಣೇನ್ರಿ?"

ಅವರು ಕತ್ತು ತಿರುಗಿಸಿ ನನ್ನ ಮುಖ ನೋಡಿದರು. "ಅದರಾಗ ಕುಂತು ದಿನಾ ಕಾಲೇಜಿಗೆ ಹೊಕ್ಕೀಯೇನ?"

"ಯಾಕ ಹೋಗಬಾರದು? ಅದಕ್ಕೂ ಗಾಲಿ ನಾಕ ಇರತಾವಲ್ಲ."

ಅವರು ನಕ್ಕರು. ಆ ನಗು ಮನೆಗೆ ಬಂದು ಬಹಳ ದಿನವಾಗಿತ್ತು. ನಾನು ಅದರ ಸೆರಗು ಹಿಡಿದೆ.

ದುಡ್ಡಿನ ಚಿಂತೆ ದೇವರ ದಯೆಯಿಂದ ಇರಲಿಲ್ಲ. ಮಗಳು ಪಲ್ಲವಿಯ ಮದುವೆಗೆಂದು ಇಟ್ಟದ್ದನ್ನು ಅವಳು ರಿಜಿಸ್ಟರ್ ಮದುವೆ ಮಾಡಿಕೊಂಡು ನಮಗೇ ಉಳಿಸಿಕೊಟ್ಟಿದ್ದಳು. ಅವಳೀಗ ಠಾಣೆ ಪಟ್ಟಣದಲ್ಲಿ ಹಲ್ಲಿನ ಡಾಕ್ಟರು. ಕನ್ನಡ ಪೂರ್ತಿ ತಿಳಿಯುತ್ತದೆ. ಬಾಯಿ ತೆರೆದರೆ ಬರುವುದು ಹಿಂದಿ. ಸುದ್ದಿ ಕೇಳಿ ರವಿವಾರ ಓಡಿಬಂದಳು. "ಮಮ್ಮಿ, ತುಮ್ ಲೋಗ್ ಪಾಗಲ್ ಹೋ ಗಯೇ ಹೋ?" ಎಂದು ಕೇಳಿದಳು. ಹೌದು, ಇಬ್ಬರಿಗೂ ಒಟ್ಟಿಗೇ ಹುಚ್ಚು ಹಿಡಿದಿದೆ ಎಂದು ಒಪ್ಪಿಕೊಂಡ ಮೇಲೆ ಅವಳೂ ನಮ್ಮ ಜೊತೆ ಹುಡುಕಲು ಕೂತಳು.

ಹುಡುಕಿ ಹುಡುಕಿ ಎರಡು ಗಾಡಿ ಉಳಿದವು. ಒಂದು ನೀಲಿ, ಒಂದು ಕೆಂಪು. ಅವುಗಳ ಹೆಸರುಗಳು ಪರದೇಶದವು, ಅಂಕಿ ಅಕ್ಷರ ಕೂಡಿದವು. ನನಗೆ ಬಾಯಿಪಾಠ ಆಗಲೇ ಇಲ್ಲ. ಆಕಳುಗಳ ಹಾಗೆ ಬಣ್ಣದ ಮೇಲೆಯೇ ಕರೆದೆವು.

ನೀಲಿ ಗಾಡಿ ಉಲ್ಹಾಸನಗರದ ಒಬ್ಬ ಬಟ್ಟೆ ವ್ಯಾಪಾರಿಯದು. ಗುಂಡಗಿನ ಮನುಷ್ಯ, ಮಾತಿನಲ್ಲಿ ಸಕ್ಕರೆ. ಗೇರು ಬದಲಿಸುವ ಕಷ್ಟವಿಲ್ಲದ ಗಾಡಿ, ಗಟ್ಟಿ ಛಾವಣಿ, ಹಿಂದೆಯೂ ಎರಡು ಸೀಟು. ಆ ಸೀಟುಗಳ ಮೇಲೆ ಸೀರೆಯ ಡಬ್ಬಿಗಳನ್ನು ಒಟ್ಟಿದ್ದ. ಅವನ್ನು ಇಳಿಸುತ್ತ, "ಮ್ಯಾಡಮ್, ಗಾಡಿ ನಹೀ, ಘರ್ ಕೀ ಲಕ್ಷ್ಮೀ ಹೈ," ಎಂದ. ಮನೆಯ ಲಕ್ಷ್ಮಿಯನ್ನು ಮಾರುವುದೇಕೆ ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ: ಅವನ ಹೆಂಡತಿಗೆ ಸೊಂಟ ನೋವು, ಅವಳು ಇದರಲ್ಲಿ ಕೂರುವುದಿಲ್ಲ, ಇವನೊಬ್ಬನೇ ತಿರುಗಿದರೆ ಅವಳಿಗೆ ಅನುಮಾನ.

ನಮ್ಮ ಜೊತೆ ಹಿಂದೆ ಕೂತು ಬರುತ್ತೇನೆಂದು ಅವನು ಒಂದು ಕಾಲನ್ನು ಒಳಗಿಟ್ಟು ನೋಡಿದ. ಮಿಕ್ಕದ್ದು ಒಳಗೆ ಹೋಗಲಿಲ್ಲ. ಪಲ್ಲವಿ ಕೂತಳು, ಗದ್ದಕ್ಕೆ ಮೊಣಕಾಲು ತಾಗಿಸಿಕೊಂಡು. ಗಾಡಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹಣ್ಣಿನ ಗಾಡಿಗಳು, ಹೊಲಿಗೆ ಅಂಗಡಿಗಳು, ರಿಕ್ಷಾಗಳು, ನಡುರಸ್ತೆಯಲ್ಲಿ ನಿಂತ ಟೆಂಪೋ, ಇಷ್ಟರ ನಡುವೆ ಬೆಣ್ಣೆಯೊಳಗಿಂದ ಎಳೆದ ಕೂದಲಿನ ಹಾಗೆ ಸರಿಯಿತು. ಕಿಟಕಿ ಏರಿಸಿದರೆ ಹೊರಗಿನ ಯಾವ ಸಪ್ಪಳವೂ ಇಲ್ಲ. ನಾನು ಹಿಗ್ಗಿಹೋದೆ.

"ಹೆಂಗೈತ್ರಿ?" ಎಂದು ಕೇಳಿದೆ.

"ಛಲೋ ಐತಿ," ಎಂದರು ನಮ್ಮವರು, ಎಡಗಡೆಯ ಕಿಟಕಿಗೆ ಮುಖ ಕೊಟ್ಟು. ಲಿಫ್ಟಿನಲ್ಲಿ ಅಪರಿಚಿತರ ಜೊತೆ ನಿಂತವರ ಹಾಗೆ ಕೂತಿದ್ದರು. ಬೂದಿ ಕಾರಿನಲ್ಲೂ ಹೀಗೆಯೇ ಕೂತಿರುತ್ತಿದ್ದರು.

ಕೆಂಪು ಗಾಡಿ ಸೀವುಡ್ಸ್‌ನಲ್ಲಿತ್ತು. ಯಜಮಾನರು ಕಾಮತರು ಎಂದು, ಹಡಗಿನಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಕರಾವಳಿಯ ಹಿರಿಯರು. ಎರಡೇ ಸೀಟು. ಗೇರು ಕೈಯಲ್ಲೇ ಹಾಕಬೇಕು. ಮೇಲೆ ಬಟ್ಟೆಯ ಛಾವಣಿ. ಬೇಕಾದಾಗ ಕೊಡೆಯ ಹಾಗೆ ಹಿಂದಕ್ಕೆ ಮಡಿಸಬಹುದು.

"ನಾನು ಮಾರುದು ಅಂತ ಇರ್ಲಿಲ್ಲ," ಎಂದರು ಕಾಮತರು. "ಆದರೆ ಎಂತ ಮಾಡುದು ಹೇಳಿ. ಈಗ ಕೂತರೆ ಏಳ್ಲಿಕ್ಕೆ ಆಗುದಿಲ್ಲ. ಒಂದು ಕೈ ಹೆಂಡತಿ, ಒಂದು ಕೈ ವಾಚ್‌ಮನ್ ಹಿಡಿದು ಎಳಿಬೇಕು. ವಾಚ್‌ಮನ್ ರಜೆಯಲ್ಲಿದ್ದರೆ ನಾನು ಗಾಡಿಯಲ್ಲೇ." ಕೀಲಿ ನನ್ನ ಕೈಗೆ ಕೊಟ್ಟರು. "ನನಗೆ ಜಾಗ ಇಲ್ಲ. ನೀವಿಬ್ಬರೇ ಹೋಗಿ ಬನ್ನಿ. ಛಾವಣಿ ತೆಗೆದೇ ಹೋಗಿ, ಬಿಸಿಲಿಲ್ಲ ಇವತ್ತು."

ಪಲ್ಲವಿಯೂ ಅವರ ಜೊತೆ ಫುಟ್‌ಪಾತಿನ ಮೇಲೆ ಉಳಿದಳು. ನಾನು ಬಗ್ಗಿ, ತಿರುಗಿ, ದೇವರ ಹೆಸರು ಹೇಳಿ ಒಳಗೆ ಬಿದ್ದೆ. ಬಿದ್ದವಳನ್ನು ಆ ಸೀಟು ಹಿಡಿದುಕೊಂಡಿತು.

ಇಲ್ಲಿ ಲೋಕಲ್ ಟ್ರೇನಿನ ಒಂದು ಮಾತು ಹೇಳಬೇಕು. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವಳೊಬ್ಬಳು ಕೂರುತ್ತಾಳೆ. "ಜರಾ ಸರಕೋ" ಎಂದರೆ ಮೂವರೂ ಉಸಿರು ಬಿಗಿಹಿಡಿದು ಅಂಗೈಯಗಲದ ಜಾಗ ಕೊಡುತ್ತಾರೆ. ಅರ್ಧ ಮೈ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ. ಮದುವೆಗೆ ಮೊದಲು ಕೆಲಸಕ್ಕೆ ಸೇರಿದಾಗಿನಿಂದ ನಾನು ಆ ನಾಲ್ಕನೆಯವಳು. ಬಸುರಿಯಾಗಿದ್ದಾಗ ಮಾತ್ರ ಮೂರನೆಯವಳಾಗಿದ್ದೆ. ಮನೆಯ ಕಾರು ಬಂದ ಮೇಲೂ ನನ್ನ ತೊಡೆಯ ಮೇಲೆ ಯಾವಾಗಲೂ ಏನಾದರೊಂದು ಇರುತ್ತಿತ್ತು: ಕೂಸು, ಊರಿನಿಂದ ಬಂದ ಜೋಳದ ಹಿಟ್ಟಿನ ಡಬ್ಬಿ, ಯಾರದೋ ಮದುವೆಯ ಉಡುಗೊರೆ. ಈ ಸೀಟು ನೋಡಿದರೆ ಎರಡೂ ಪಕ್ಕೆಗಳಿಗೆ ಒತ್ತುಕೊಟ್ಟು, ಬೆನ್ನಿನ ಡೊಂಕಿಗೆ ಡೊಂಕು ಕೂಡಿಸಿ, ಇದು ನಿನ್ನದೇ, ಯಾರಿಗೂ ಸರಿದು ಜಾಗ ಕೊಡಬೇಡ ಎನ್ನುವಂತಿತ್ತು. ಭೌತಶಾಸ್ತ್ರದವಳು ಇಂಥ ಮಾತು ಹೇಳಬಾರದು. ಆದರೂ ನನ್ನ ಕಣ್ಣು ಸ್ವಲ್ಪ ಒದ್ದೆಯಾದವು. ಗಾಳಿಗೆ ಎಂದುಕೊಳ್ಳಲು ಗಾಡಿ ಇನ್ನೂ ಚಾಲೂ ಆಗಿರಲಿಲ್ಲ.

ಪಾಮ್ ಬೀಚ್ ರಸ್ತೆಗೆ ಬಂದೆವು. ಗೇರಿನ ಹಿಡಿ ಗಿಡ್ಡ, ಕ್ಲಚ್ಚು ಬಿಗಿ. ನಾನು ಎರಡನೇ ಗೇರಿನಲ್ಲೇ ಗಾಡಿಯನ್ನು ಅರಚಿಸುತ್ತ ಹೋಗುತ್ತಿದ್ದೆ.

"ಮೂರಕ್ಕ ಬಾ," ಎಂದರು ನಮ್ಮವರು.

ಬಂದೆ. ಅರಚುತ್ತಿದ್ದದ್ದು ಹಾಡತೊಡಗಿತು.

"ಇನ್ನ ಸ್ವಲ್ಪ ತಡಿ. ಹಾಂ. ಈಗ ನಾಕು."

ಅವರು ಕಣ್ಣು ಮುಚ್ಚಿಕೊಂಡಿದ್ದರು. ಮೇಲೆ ಆಕಾಶವಿತ್ತು, ಎಡಗಡೆ ಖಾಡಿಯ ಉಪ್ಪುನೀರಿನ ವಾಸನೆ. ಸ್ವಲ್ಪ ದೂರ ಹೋದ ಮೇಲೆ ಅವರು ಮತ್ತೆ ಹೇಳಿದರು: "ಬಲಕ್ಕ ಒಂದ ಬಸ್ ಬರಾಕತ್ತೈತಿ. ಅವಸರದಾಗ ಐತಿ, ಹೋಗಲಿ ಬಿಡು."

ಕನ್ನಡಿಯಲ್ಲಿ ನೋಡಿದೆ. ಹಿಂದೆ ಇನ್ನೂ ದೂರದಲ್ಲಿ ಒಂದು ಬಸ್ಸು, ನಿಜವಾಗಿಯೂ ಅವಸರದಲ್ಲಿ. ಅದು ನಮ್ಮನ್ನು ದಾಟಿ ಹೋಗುವಾಗ ಅವರು ತಲೆಯನ್ನು ಅದರ ಜೊತೆಗೇ ತಿರುಗಿಸಿದರು, ಕಣ್ಣು ತೆರೆದು. ಆಮೇಲೆ ಒಂದು ಮೋಟರ್‌ಸೈಕಲ್ಲು. ಆಮೇಲೆ ಸೈಲೆನ್ಸರ್ ಒಡೆದ ಒಂದು ಟೆಂಪೋ. ಕಣ್ಣು ಬಿಟ್ಟುಕೊಟ್ಟ ಬಲಗಡೆ ಕಿವಿಯ ದಾರಿಯಿಂದ ಒಂದೊಂದಾಗಿ ವಾಪಸು ಬರುತ್ತಿತ್ತು. ನಾನು ಗೇರು ತಪ್ಪದಂತೆ ರಸ್ತೆ ನೋಡುತ್ತ ಓಡಿಸಿದೆ.

ಇಷ್ಟಾದ ಮೇಲೆ ಆಯ್ಕೆ ಸುಲಭ ಎಂದು ನೀವು ಅನ್ನಬಹುದು. ಮನೆಗೆ ಬಂದು ಅಕ್ಕಿ ತೊಳೆಯುತ್ತ ನಾನೂ ಹಾಗೇ ಅಂದುಕೊಂಡೆ. ಆದರೆ ಊಟಕ್ಕೆ ಕೂತಾಗ ನಮ್ಮವರು, "ನೀಲಿ ಗಾಡಿ ತಗೊಳ್ಳೂಣು," ಎಂದರು.

"ಯಾಕ್ರಿ?"

"ದಿನಾ ಓಡಿಸಾಕಿ ನೀನು. ಶೀಳ್ ಫಾಟಾದ ಸರ್ಕಲ್‌ನ್ಯಾಗ ಗಾಡಿ ಇರಿವಿ ಹಂಗ ಹೊಕ್ಕಾವು. ಕ್ಲಚ್ ಒತ್ತಿ ಒತ್ತಿ ನಿನ್ನ ಮೊಣಕಾಲು ಉಳಿತೈತೇನ? ಮಳಿಗಾಲದಾಗ ಆ ಅರಿವಿ ಛಾವಣಿ ಕೆಳಗ ಏನ ಮಾಡತೀ? ಪಲ್ಲವಿ ಬಂದ್ರ ಎಲ್ಲಿ ಕುಂದ್ರಸತೀ?"

"ಪಲ್ಲವಿ ನೀಲಿ ಗಾಡ್ಯಾಗ ಕುಂತದ್ದು ನೋಡೀರಿಲ್ಲ? ಅಕಿನ್ನ ಇಳಿಸಾಕ ಇಬ್ಬರು ಬೇಕಾದ್ರು."

ಪಲ್ಲವಿ ಮಾತ್ರ ಅಪ್ಪನ ಪಕ್ಷ. ದಿನಾ ಓಡಿಸಲು ನೀಲಿಯೇ ಸರಿ, ಕೆಂಪು ಬರೀ ರವಿವಾರದ ಗಾಡಿ ಎಂದು ಹಿಂದಿಯಲ್ಲಿ ತೀರ್ಪು ಕೊಟ್ಟಳು. ಅವರಿಬ್ಬರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆಗದಿದ್ದಾಗ ಮನುಷ್ಯರು ಮಾಡುವುದನ್ನೇ ನಾನೂ ಮಾಡಿದೆ, ದನಿ ಏರಿಸಿದೆ.

"ಕೆಂಪು ಗಾಡ್ಯಾಗ ನೀವು ಮಾತಾಡಿದ್ರಿ. ನೀಲಿ ಒಳಗ ಮೂಕರಾಗಿ ಕುಂತಿದ್ರಿ. ನನಗ ಅಷ್ಟ ಸಾಕು."

ಅವರು ತುತ್ತು ಕೆಳಗಿಟ್ಟರು. "ನನ್ನ ಸಲುವಾಗಿ ತಗೊಳ್ಳಾಕ ಹೋಗಬ್ಯಾಡ ಸುಮಾ. ಔಷಧ ಕೊಂಡಂಗ ಗಾಡಿ ಕೊಳ್ಳಬ್ಯಾಡ. ಅದರಾಗ ನಾ ಪೇಶಂಟ್ ಆಗಿ ಕುಂದ್ರಾಂವ ಅಲ್ಲ."

ಪಲ್ಲವಿ ತನ್ನ ಕೆನ್ನೆಯೊಳಗಿನ ತುತ್ತನ್ನು ಅಗಿಯುವುದನ್ನು ನಿಲ್ಲಿಸಿದಳು. ಪಾರ್ಶ್ವವಾಯು ಆದಂದಿನಿಂದ ನಾವು ಜಗಳವಾಡಿರಲಿಲ್ಲ. ಡಾಕ್ಟರು ಬೇಡ ಎಂದಿದ್ದರು. ನಾನು ಉಸಿರನ್ನೂ ಅಳೆದು ಬಿಡುತ್ತಿದ್ದೆ. ಈಗ ಅವರು ಸಿಟ್ಟಿನಲ್ಲಿ ನೇರವಾಗಿ ನನ್ನ ಕಡೆ ತಿರುಗಿ ಕೂತಿದ್ದರು, ಹಳೆಯ ಕಾಲದ ಹಾಗೆ. ಹೆದರಬೇಕೋ ಸಂತೋಷಪಡಬೇಕೋ ತಿಳಿಯಲಿಲ್ಲ.

ಅವರು ಹೇಳಿದ್ದು ಮನಸ್ಸಿಗೆ ಚುಚ್ಚಿತು. ನಾನು ಅವರ ಸಲುವಾಗಿಯೇ ಕೇಳುತ್ತಿದ್ದೇನೆಯೇ? ಆ ಬಸ್ಸಿನ ಕಡೆ ಅವರು ತಲೆ ತಿರುಗಿಸಿದ್ದು ನಿಜ. ಆದರೆ ಅದಕ್ಕಿಂತ ಮೊದಲು, ಗಾಡಿ ಚಾಲೂ ಆಗುವ ಮೊದಲೇ, ಸೀಟಿಗೆ ಬಿದ್ದ ಕೂಡಲೇ ನಾನು ಆರಿಸಿಯಾಗಿತ್ತು. ನಮ್ಮ ಮನೆಯ ಹೆಂಗಸರಿಗೆ ಒಂದು ಚಾಳಿ. ನಮಗೆ ಹಸಿವಾದರೆ "ಮಕ್ಕಳು ಹಸಿದಾರ" ಎನ್ನುತ್ತೇವೆ; ಸಿನಿಮಾ ನೋಡುವ ಮನಸ್ಸಾದರೆ "ಪಕ್ಕದ ಮನಿಯವರು ಕರಿಯಾಕತ್ತಾರ" ಎನ್ನುತ್ತೇವೆ. ಈ ವಯಸ್ಸಿಗೆ ಒಂದು ಕಾರು ಬೇಕು ಎನ್ನಲೂ ಗಂಡನ ಕಾಯಿಲೆಯ ಮರೆ ಬೇಕಾಗಿತ್ತು ನನಗೆ.

"ನಿಮ್ಮ ಸಲುವಾಗಿ ಅಲ್ರಿ," ಎಂದೆ. "ನನಗ ಬೇಕು ಅದು. ಆ ಸೀಟಿನ್ಯಾಗ ಕುಂತಾಗ ನನಗ ಏಳಬೇಕು ಅನ್ನಿಸಲಿಲ್ಲ. ಮೂರರಿಂದ ನಾಕಕ್ಕ ಹೋದಾಗ ವಾಪಸ್ ತಿರಗಸೂ ಮನಸ್ಸ ಆಗಲಿಲ್ಲ. ಮೊಣಕಾಲು ಹೋದ್ರ ಹೋಗಲಿ."

ಅವರು ಚಟ್ನಿಯ ಬಟ್ಟಲು ಹತ್ತಿರ ಎಳೆದುಕೊಂಡರು.

"ಹಂಗಂತ ಮೊದಲ ಹೇಳಬಾರದಿತ್ತೇನ? ಹಂಗಾದ್ರ ಕೆಂಪ ತಗೋ. ನೀಲಿ ಗಾಡಿ ಎಂಜಿನ್ನೂ ಅಷ್ಟಕ್ಕಷ್ಟ."

ಕೆಂಪು ಗಾಡಿ ಬಂತು. ಕೀಲಿ ಕೊಡುವಾಗ ಕಾಮತರು ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದರು; ನಾವು ಆಕಾಶ ನೋಡಿದೆವು.

ದಿನಬಳಕೆಯ ಸುಖದುಃಖ ಕೇಳುತ್ತೀರಾದರೆ, ಅಪ್ಪ ಮಗಳು ಹೇಳಿದ ಎಲ್ಲವೂ ನಿಜವಾಯಿತು. ನಮ್ಮ ಸೊಸಾಯಿಟಿಯ ಗೇಟಿನ ಸ್ಪೀಡ್ ಬ್ರೇಕರನ್ನು ನೇರವಾಗಿ ಹತ್ತಿದರೆ ಗಾಡಿಯ ಹೊಟ್ಟೆ ಉಜ್ಜುತ್ತದೆ. ಏಡಿಯ ಹಾಗೆ ಓರೆಯಾಗಿ ಹತ್ತಬೇಕು. ಶೀಳ್ ಫಾಟಾದಲ್ಲಿ ಟ್ರಕ್ಕುಗಳ ಗಾಲಿ ನನ್ನ ತಲೆಗಿಂತ ಎತ್ತರ. ಮಳೆಗಾಲದಲ್ಲಿ ಛಾವಣಿಯ ಎಡಮೂಲೆ ಸೋರಿ ನಮ್ಮವರು ತೊಡೆಯ ಮೇಲೆ ಪಂಚೆ ಹಾಸಿಕೊಂಡು ಕೂತರು. ಅಕ್ಕಿಯ ಚೀಲ ತರಬೇಕಾದರೆ ಗಂಡನನ್ನು ಮನೆಯಲ್ಲಿ ಬಿಡಬೇಕು. ಕಾಲೇಜಿನ ಹುಡುಗರು ನನ್ನ ಗಾಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ನಾನು ಬಂದರೆ ಸರಿದು ನಿಲ್ಲುತ್ತಾರೆ, ನಾನು ಒಳಗೆ ಕೂರುವ ವಿಧಾನವನ್ನು ಮಾತ್ರ ತಪ್ಪದೆ ನೋಡುತ್ತಾರೆ.

ಬೆಳಿಗ್ಗೆಯ ಆ ದಾರಿಯಲ್ಲಿ ನಮ್ಮವರು ಮಾತಾಡುತ್ತಿದ್ದರು. ಗೇರಿನಿಂದ ಶುರುವಾದದ್ದು ಕಾರ್ಖಾನೆಗೆ, ಅಲ್ಲಿಂದ ವಿಜಯಪುರದ ಗೋಳಗುಮ್ಮಟದಲ್ಲಿ ಗೆಳೆಯರೆಲ್ಲ ಕೂಗಿದ್ದಕ್ಕೆ, ಅಲ್ಲಿಂದ ನಾನು ಕೇಳಿರದ ಸಂಗತಿಗಳಿಗೆ ಹೋಗುತ್ತಿತ್ತು. ಬರಬರುತ್ತ ಅವರು ಗೇರು ಹೇಳುವುದನ್ನು ಕಡಿಮೆ ಮಾಡಿದರು. ನಾನೂ ಕೇಳುವುದನ್ನು ಮರೆತೆ.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತರು.

"ಇವತ್ತ ಖಾರಘರಕ್ಕ ನಾ ಲೋಕಲ್‌ನಾಗ ಹೊಕ್ಕೀನಿ. ಠಾಣಾದಾಗ ಟ್ರೇನ್ ಬದಲಸತೀನಿ."

"ಒಬ್ಬರ?"

"ಒಬ್ಬನ. ಕತ್ತು ತಿರಗಸೂದು ಕಲತೀನಲ್ಲ. ಸುಮ್ಮನ ಕಲತೇನೇನ?"

ಠಾಣೆಯ ಪ್ಲಾಟ್‌ಫಾರ್ಮ್, ಆ ಸೇತುವೆ, ಬಲಗಡೆಯಿಂದ ನುಗ್ಗುವ ಜನ, ಎಲ್ಲವೂ ಒಮ್ಮೆಲೇ ನನ್ನ ಕಣ್ಣ ಮುಂದೆ ಬಂದವು. "ಮುಟ್ಟಿದ ಮ್ಯಾಲೆ ಫೋನ್ ಮಾಡ್ರಿ," ಎಂದೆ ಅಷ್ಟೆ.

ಅವತ್ತು ಪಕ್ಕದ ಸೀಟು ಖಾಲಿ. ಶೀಳ್ ರಸ್ತೆ, ತಳೋಜಾ, ಎಲ್ಲ ಹೇಗೆ ದಾಟಿದೆನೋ ನೆನಪಿಲ್ಲ. ಕಾಲೇಜಿನ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಫೋನು ಹಿಡಿದು ಕೂತೆ. ಎಷ್ಟೋ ಹೊತ್ತಿನ ಮೇಲೆ ಅದು ಬಡಿದುಕೊಂಡಿತು.

"ಖಾರಘರ ಇಳದೀನಿ."

"ಅಲ್ಲೇ ನಿಲ್ರಿ, ಬರತೀನಿ."

"ಬ್ಯಾಡ, ರಿಕ್ಷಾ ಹಿಡದ ಹೊಕ್ಕೀನಿ. ನಿನ್ನ ಕ್ಲಾಸಿಗೆ ಇನ್ನ ವ್ಯಾಳ್ಯಾ ಐತೇನ?"

"ಸ್ವಲ್ಪ ಐತಿ."

"ಹಂಗಾದ್ರ ಗುಡ್ಡದ ಕಡೆ ಒಂದ ಸುತ್ತ ಹಾಕ್ಕೊಂಡ ಬಾ. ಒಬ್ಬಾಕಿನ ಹೋಗಿ ನೋಡು."

ಫೋನು ಇಟ್ಟು ಛಾವಣಿ ಮಡಿಸಿದೆ. ಗೇಟಿನೊಳಗೆ ತಿರುಗದೆ ನೇರ ಹೋದೆ. ಎತ್ತರದ ಕಟ್ಟಡಗಳು ಮುಗಿದು ಗುಡ್ಡ ಎದುರಾಗುವಲ್ಲಿ ರಸ್ತೆ ಅಗಲವಾಗಿ, ಖಾಲಿಯಾಗಿ ಬಿದ್ದಿತ್ತು. ಮೂರು. ಸ್ವಲ್ಪ ತಡೆದು ನಾಲ್ಕು. ಯಾರೂ ಹೇಳಲಿಲ್ಲ, ನನಗೇ ಕೇಳಿಸಿತು. ರಸ್ತೆ ಮುಗಿಯುವಲ್ಲಿ ಎಂಜಿನ್ ಆರಿಸಿ ಕೂತೆ. ಹುಲ್ಲಿನಲ್ಲಿ ಏನೋ ಕೀಟದ ಸದ್ದು. ತರಗತಿಗೆ ತಡವಾಯಿತೆಂದು ಗೊತ್ತಿತ್ತು. ಏಳಲಿಲ್ಲ.

ಸಂಜೆ ಮನೆಗೆ ಬಂದಾಗ ನಮ್ಮವರು ಚಹಾಕ್ಕೆ ನೀರಿಟ್ಟಿದ್ದರು. ಅಂಗಿಯ ಇಸ್ತ್ರಿ ಕೆಟ್ಟಿತ್ತು, ಒಂದು ಗುಂಡಿ ಕಿತ್ತುಹೋಗಿತ್ತು.

"ಹೆಂಗ ಓಡಿತು?" ಎಂದು ಕೇಳಿದರು.

"ಛಲೋ ಓಡಿತು. ನಿಮ್ಮ ಟ್ರೇನು?"

"ಭಾಳ ಗದ್ದಲಿತ್ತು," ಎಂದರು, ಶಾಲೆಯಲ್ಲಿ ಬಹುಮಾನ ಗೆದ್ದು ಬಂದವರ ಮುಖದಲ್ಲಿ. "ಪೂರಾ ನಿಂತಕೊಂಡ ಹೋದೆ."